ಶಾಲೆಯ ತೋಟದ ಮಣ್ಣು

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನಾನು ಬಂಟ್ವಾಳದ ಸಣ್ಣದೊಂದು ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದೆ. ಮೂಡುಬಿದಿರೆಯ ನಮ್ಮ ಮನೆಯಿಂದ ಬೆಳಗ್ಗಿನ ಮೊದಲ ಬಸ್ಸು ಹಿಡಿಯಬೇಕಿತ್ತು. ರೈತರು ಪೊಟ್ಟಣ ಕಟ್ಟಿ ತಂದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಹುಳಿ ಎಷ್ಟು, ಪೊಟ್ಯಾಷ್ ಎಷ್ಟು ಎಂದು ನೋಡಿ ಚೀಟಿ ಬರೆಯುವುದು ಕೆಲಸ. ನನ್ನ ಮೇಲಧಿಕಾರಿ ನಿವೃತ್ತಿಗೆ ಹತ್ತಿರವಾಗಿದ್ದ ರಸಾಯನಶಾಸ್ತ್ರಜ್ಞರು, ಮಾತು ಕಡಿಮೆ. ಅವರಿಗೆ ನನ್ನ ಕೆಲಸ ಹಿಡಿಸಿದೆಯೋ ಇಲ್ಲವೋ ಎಂಬುದು ಒಂದು ವರ್ಷವಾದರೂ ನನಗೆ ತಿಳಿದಿರಲಿಲ್ಲ.

ಒಂದು ಜನವರಿಯಲ್ಲಿ ಗುರುವಾಯನಕೆರೆ ಕಡೆಯ ಪ್ರಾಥಮಿಕ ಶಾಲೆಯ ಟೀಚರ್ ಒಬ್ಬರು ಬಂದರು. ಒಂದು ಕೈಯಲ್ಲಿ ಮಣ್ಣು ತುಂಬಿದ ಬಟ್ಟೆಚೀಲ, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯೊಳಗೆ ಬೇಯಿಸಿದ ಗೆಣಸು.

"ಶಾಲೆ ತೋಟದಲ್ಲಿ ಮಕ್ಕಳೇ ಬೆಳೆಸಿದ್ದು ಸರ್. ಬೇಯಿಸಿ ಕೊಟ್ರೆ ಒಬ್ಬರೂ ತಿನ್ನುವುದಿಲ್ಲ. ನಾನೂ ಒಂದು ತುಂಡು ಬಾಯಿಗೆ ಹಾಕಿ ಉಗಿದೆ. ಒಮ್ಮೆ ಮೂಸಿ ನೋಡಿ."

ಅಧಿಕಾರಿಗಳು ಮೂಸಿದರು. ಮುಚ್ಚಳ ಹಾಕಿ ಡಬ್ಬಿಯನ್ನು ದೂರ ಸರಿಸಿದರು.

"ಈ ಮುಗ್ಗಲು ವಾಸನೆ ನನಗೆ ಗೊತ್ತುಂಟು. ಬಿ.ಎಚ್.ಸಿ. ಪುಡಿ. ತೋಟ ಮಾಡುವ ಮೊದಲು ಆ ಜಾಗದಲ್ಲಿ ಏನಿತ್ತು ಟೀಚರೇ?"

ಗದ್ದೆಯ ಹುಳಕ್ಕೆಂದು ಎರಚುತ್ತಿದ್ದ ವಿಷದ ಪುಡಿ ಅದು. ಆ ಜಾಗದಲ್ಲಿ ಹಿಂದೆ ಗೊಬ್ಬರ, ಕೀಟನಾಶಕ ಇಡುವ ಗೋದಾಮು ಇತ್ತಂತೆ. ಒಂದು ಮಳೆಗಾಲದಲ್ಲಿ ಹಂಚಿನ ಮಾಡು ಕುಸಿದು ಚೀಲಗಳು ನೆನೆದು ಒಡೆದವು. ಆಮೇಲೆ ಯಾರೋ ಗೋಡೆ ಬೀಳಿಸಿ, ಪುಡಿ ಮಣ್ಣು ಎಲ್ಲವನ್ನೂ ಸೇರಿಸಿ ನೆಲ ಸಮ ಮಾಡಿ ಶಾಲೆಗೆ ಕೊಟ್ಟರು. ಕೊಟ್ಟವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪುಡಿ ಮಳೆಯಲ್ಲಿ ತೊಳೆದು ಹೋಗುತ್ತದೆ ಎಂದೇ ಎಲ್ಲರೂ ತಿಳಿದಿದ್ದರು.

ಮರುದಿನವೇ ಅಧಿಕಾರಿಗಳೂ ನಾನೂ ಶಾಲೆಗೆ ಹೋದೆವು. ತೋಟದಿಂದ ಕೆಳಗೆ ಒಂದು ಮನೆ, ಅಂಗಳದಲ್ಲಿ ಬಾವಿ. ಮನೆಯೊಡತಿ ವಯಸ್ಸಾದ ಹೆಂಗಸು. ನಮ್ಮ ಗುದ್ದಲಿ, ಹಗ್ಗ ನೋಡಿ ಮೇಲೆ ಬಂದರು. ವಿಷಯ ಕೇಳಿದವರು ತುಳುವಿನಲ್ಲಿ ನನ್ನನ್ನೇ ಕೇಳಿದರು: "ಹಾಗಾದರೆ ನನ್ನ ಬಾವಿ? ಮೊಮ್ಮಕ್ಕಳು ಅದೇ ನೀರು ಕುಡಿಯುವುದಲ್ಲವಾ?"

"ನೋಡಿ ಹೇಳ್ತೇವೆ ಅಕ್ಕ. ಅಲ್ಲಿಯವರೆಗೆ ಆಚೆ ಮನೆಯ ನೀರು ತನ್ನಿ," ಎಂದೆ.

ಇಂಥ ವಿಷವನ್ನು ಅಳೆಯುವ ಯಂತ್ರ ನಮ್ಮಲ್ಲಿ ಇರಲಿಲ್ಲ. ಬೆಂಗಳೂರಿಗೆ ಕಳಿಸಿದರೆ ವರದಿ ಬರಲು ತಿಂಗಳುಗಳೇ ಬೇಕು, ಅಷ್ಟರಲ್ಲಿ ಮಳೆ ಹಿಡಿಯುತ್ತದೆ. ವಾಪಸು ಬರುವಾಗ ಬಸ್ಸಿನಲ್ಲಿ ಅಧಿಕಾರಿಗಳು ಇದ್ದಕ್ಕಿದ್ದಂತೆ ಹೇಳಿದರು:

"ಬೆಂಗಳೂರಿಗೂ ಕಳಿಸುವ. ಅಷ್ಟರವರೆಗೆ ನೊಣಗಳನ್ನು ಕೇಳುವ."

ತಮಾಷೆ ಎಂದುಕೊಂಡೆ. ಅಲ್ಲ. ಕೊಳೆತ ಬಾಳೆಹಣ್ಣು ಇಟ್ಟು ಸಣ್ಣ ನೊಣಗಳನ್ನು ಸಾಕಿದೆವು. ತೋಟದಲ್ಲಿ ಹಗ್ಗ ಕಟ್ಟಿ ಚೌಕಗಳನ್ನು ಮಾಡಿ, ಪ್ರತಿ ಚೌಕದಲ್ಲೂ ಮೇಲಿನ ಮಣ್ಣು, ಒಂದು ಗೇಣು ಕೆಳಗಿನದು, ಒಂದು ಮೊಳ ಕೆಳಗಿನದು, ಅದಕ್ಕೂ ಕೆಳಗಿನದು ಎಂದು ಬೇರೆ ಬೇರೆ ತೆಗೆದೆವು. ಮಣ್ಣನ್ನು ಅಸಿಟೋನಿನಲ್ಲಿ ನೆನೆಸಿ, ಸೋಸಿ, ಆ ದ್ರಾವಣವನ್ನು ಬಾಟಲಿಯೊಳಗೆ ಒಣಗಿಸಿದರೆ ವಿಷವಿದ್ದಲ್ಲಿ ಅದು ಗಾಜಿಗೆ ಅಂಟಿ ಉಳಿಯುತ್ತದೆ. ಒಳಗೆ ಇಪ್ಪತ್ತು ನೊಣ, ಸಕ್ಕರೆ ನೀರಿನ ಹತ್ತಿ, ಬಾಯಿಗೆ ಬಟ್ಟೆ. ಮರುದಿನ ಬೆಳಿಗ್ಗೆ ಬದುಕಿದವು ಎಷ್ಟು, ಸತ್ತವು ಎಷ್ಟು ಎಂದು ಎಣಿಸುವುದು. ಹೋಲಿಸಿ ನೋಡಲು ನಮ್ಮ ಕಚೇರಿ ಅಂಗಳದ ಮಣ್ಣಿನ ಬಾಟಲಿಯೂ ಪಕ್ಕದಲ್ಲಿರುತ್ತಿತ್ತು.

ಮೇಲುಮಣ್ಣಿನ ಬಾಟಲಿಗಳಲ್ಲಿ ಎಲ್ಲವೂ ಸತ್ತು ಬಿದ್ದಿದ್ದವು. ತೋಟದ ನಡುವೆ ಮೊಳದ ಆಳದವರೆಗೂ ಹಾಗೆಯೇ. ಅದರ ಕೆಳಗಿನ ಮಣ್ಣಿನ ಬಾಟಲಿ ಎತ್ತಿದಾಗ ಒಳಗೆ ಗುಂಯ್ ಎಂದು ಹಾರಾಡುತ್ತಿದ್ದವು. ನಾನು ಮೂರು ಸಲ ಎಣಿಸಿದೆ. ಬಾವಿಯ ನೀರಿನಲ್ಲಿ ಸೊಳ್ಳೆಮರಿಗಳನ್ನು ಬಿಟ್ಟು ನೋಡಿದೆವು. ನಾಲ್ಕು ದಿನ ಆರಾಮಾಗಿ ಈಜಿದವು.

"ವಿಷ ಕೆಳಗೆ ಇಳಿದಿಲ್ಲ. ಮಣ್ಣಿಗೆ ಅಂಟಿಕೊಂಡು ಕೂತಿದೆ. ಕೂತಿದ್ದನ್ನು ತೆಗೆಯಬಹುದು," ಎಂದರು ಅಧಿಕಾರಿಗಳು. ಅವರು ನಗುವುದನ್ನು ನಾನು ಮೊದಲ ಬಾರಿಗೆ ನೋಡಿದ್ದು ಆವತ್ತು.

ಶಾಲೆಯಲ್ಲಿ ಊರವರ ಸಭೆ ಸೇರಿತು. ಯಾರು ಈ ಪುಡಿ ತಂದದ್ದು, ಯಾರು ಮಣ್ಣಿಗೆ ಸೇರಿಸಿದ್ದು ಎಂದು ಮಾತು ಬಿಸಿಯಾಗತೊಡಗಿತು. ಅಧಿಕಾರಿಗಳು ಎದ್ದು ನಿಂತರು.

"ಯಾರನ್ನೂ ಹುಡುಕುವುದು ಬೇಡ. ಇದೇ ಸುತ್ತಿನಲ್ಲಿ ಗದ್ದೆ ಗದ್ದೆಗೆ ಹೋಗಿ ಈ ಪುಡಿ ಹಾಕಿ ಅಂತ ಹೇಳಿದವನು ನಾನೇ. ಏನೂ ಆಗುವುದಿಲ್ಲ ಅಂತ ಬರಿಗೈಯಲ್ಲಿ ತೆಗೆದು ಎರಚಿ ತೋರಿಸಿದ್ದೇನೆ. ಹುಳ ಸಾಯುವುದು ಗೊತ್ತಿತ್ತು. ಪುಡಿ ಇಷ್ಟು ವರ್ಷ ಮಣ್ಣಲ್ಲೇ ಉಳಿಯುವುದು ನನಗೆ ಗೊತ್ತಿರಲಿಲ್ಲ."

ಹಿಂದಿನ ಬೆಂಚಿನಿಂದ ಒಬ್ಬ ಹಳೆಯ ಬೇಸಾಯಗಾರರು ಹೇಳಿದರು: "ನೀವು ಬಂದದ್ದು ನನಗೆ ನೆನಪುಂಟು. ಆ ವರ್ಷ ನಮಗೆ ಭತ್ತ ಸಿಕ್ಕಿದ್ದೂ ನೆನಪುಂಟು. ಈಗ ಏನು ಮಾಡ್ಬೇಕು, ಅದನ್ನು ಹೇಳಿ."

ತೆಗೆದ ಮಣ್ಣನ್ನು ಮುರಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯ ಗುಂಡಿಗೆ ಸುರಿದುಬಿಡುವ ಎಂದರು ಕೆಲವರು. ಮುರಕಲ್ಲಿನಲ್ಲಿ ಎಲ್ಲ ಕಡೆ ತೂತು, ಮಳೆಯ ನೀರು ನೇರ ಬಾವಿಗಳಿಗೆ ಇಳಿಯುತ್ತದೆ ಎಂದು ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ಆ ಬೇಸಾಯಗಾರರೇ ಫರಂಗಿಪೇಟೆಯ ಹಂಚಿನ ಕಾರ್ಖಾನೆಯೊಂದರಿಂದ ಎರಡು ಲಾರಿ ಜೇಡಿಮಣ್ಣು ತರಿಸಿದರು. ಎತ್ತರದ ಜಾಗದಲ್ಲಿ ಹೊಂಡ ತೋಡಿ, ತಳಕ್ಕೂ ಬದಿಗೂ ಜೇಡಿಮಣ್ಣು ಹಾಕಿ ಗುದ್ದಿ ಗಟ್ಟಿ ಮಾಡಿದೆವು.

ಬೇಸಿಗೆ ರಜೆಯಲ್ಲಿ ಅಗೆತ ಶುರುವಾಯಿತು. ಧೂಳು ಏಳದಂತೆ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ರಬ್ಬರ್ ಗವಸು ಹಾಕಿ ಕೆಲಸ. ಮಧ್ಯಾಹ್ನ ಸಾಬೂನು ಹಚ್ಚಿ ಕೈಕಾಲು, ಮುಖ ತೊಳೆಯದೆ ಯಾರಿಗೂ ಊಟವಿಲ್ಲ. ಕಾವಲು ಟೀಚರದ್ದು. "ಕೈ ತೋರಿಸಿ," ಎಂದು ದೊಡ್ಡ ದೊಡ್ಡ ಗಂಡಸರನ್ನು ಅವರು ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಬಾವಿಮನೆಯ ಅಕ್ಕ ದಿನಾ ಗಂಜಿ, ಚಟ್ನಿ ಮಾಡಿ ಬಡಿಸಿದರು. ಹೊಂಡ ತುಂಬಿದ ಮೇಲೆ ಮತ್ತೆ ಜೇಡಿಮಣ್ಣು, ಅದರ ಮೇಲೆ ಸಿಮೆಂಟಿನ ಹಾಸು, ಮೇಲೊಂದು ಹಂಚಿನ ಮಾಡು, ಸುತ್ತಲೂ ನೀರು ಹರಿದು ಹೋಗಲು ತೋಡು. ತೋಟಕ್ಕೆ ಬೇರೆ ಕಡೆಯಿಂದ ಹೊಸ ಮಣ್ಣು ಬಂತು. ಕೆಲಸ ಮುಗಿದ ಎಂಟನೇ ದಿನಕ್ಕೆ ಮಳೆ ಹಿಡಿಯಿತು.

ಬೆಂಗಳೂರಿನ ವರದಿ ಬಂದದ್ದು ಜುಲೈ ಕೊನೆಗೆ, ಆಟಿ ತಿಂಗಳಲ್ಲಿ. ನಮ್ಮ ಎಣಿಕೆ ಹೆಚ್ಚುಕಡಿಮೆ ಸರಿಯಿತ್ತು. ತೋಟದ ಒಂದು ಮೂಲೆಯಲ್ಲಿ, ನಾವು ಅಗೆಯದೆ ಬಿಟ್ಟ ಅಡಿಮಣ್ಣಿನಲ್ಲಿ ಮಾತ್ರ ನೊಣಗಳನ್ನು ಕೊಲ್ಲುವಷ್ಟಿಲ್ಲದ, ಆದರೆ ಇರಬಾರದ ವಿಷ ಉಳಿದಿತ್ತು. ನನಗೆ ಅಳುವೇ ಬಂತು. ಅಧಿಕಾರಿಗಳು ವರದಿ ಮಡಚಿ, "ಅದಕ್ಕೇ ಎರಡು ಕಡೆ ಕೇಳಿದ್ದು ಮಾರಾಯ್ತಿ. ಅಲ್ಲಿ ಬೇಲಿ ಹಾಕುವ, ಬರುವ ಬೇಸಿಗೆಗೆ ತೆಗೆಯುವ," ಎಂದರು. ಹಾಗೆಯೇ ಮಾಡಿದೆವು. ಬಾವಿಯ ನೀರನ್ನು ಪ್ರತಿ ವರ್ಷ ಮಳೆಗೆ ಮೊದಲೂ ಆಮೇಲೂ ಬೆಂಗಳೂರಿಗೆ ಕಳಿಸಿದೆವು. ಒಂದು ಸಲವೂ ಕೆಟ್ಟ ಸುದ್ದಿ ಬರಲಿಲ್ಲ.

ಅಧಿಕಾರಿಗಳು ನಿವೃತ್ತರಾದ ಮೇಲೆ, ಇಂಥ ಪುಡಿ ಇಟ್ಟಿದ್ದ ಹಳೆಯ ಗೋದಾಮುಗಳ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಆ ಕೆಲಸ ಕೊಡಿ ಎಂದು ಕೇಳಿದ್ದೂ ನಾನೇ. ಎಂಬತ್ತರ ದಶಕದ ಆರಂಭದ ಎರಡು ಬೇಸಿಗೆ ಬಂಟ್ವಾಳ, ಬೆಳ್ತಂಗಡಿಯ ಊರೂರು ಸುತ್ತಿದೆ. ಕೆಲವು ಕಡೆ ಬೀಗ ತೆಗೆಯಲಿಲ್ಲ, ಕೆಲವು ಕಡೆ ಹುಡುಗಿ ಬಂದಿದ್ದಾಳೆಂದು ನಕ್ಕರು. ಮೆಲ್ಕಾರಿನಲ್ಲಿ ಮಾತ್ರ ಗೋದಾಮು ನೋಡಿಕೊಳ್ಳುವವರು ನಾನು ಕೇಳುವ ಮೊದಲೇ ಬಾಗಿಲು ತೆರೆದರು. ಒಳಗೆ ಚೀಲಗಳು ಮರದ ಹಲಗೆಯ ಮೇಲೆ, ಗೋಡೆಯಿಂದ ದೂರ, ಟಾರ್ಪಾಲಿನ ಅಡಿಯಲ್ಲಿದ್ದವು. ಮಾಡಿಗೆ ಹೊಸ ಹಂಚು ಹೊದಿಸಿದ್ದರು.

"ಯಾರು ಹೇಳಿದ್ದು ಹೀಗೆ ಇಡ್ಲಿಕ್ಕೆ?" ಎಂದು ಕೇಳಿದೆ.

"ಆ ಶಾಲೆ ತೋಟದ ಸಂಗತಿ ಯಾರೋ ಬಸ್ಸಿನಲ್ಲಿ ಮಾತಾಡುವುದು ಕೇಳಿದೆ. ಸರಿ ಉಂಟಾ ಮೇಡಂ? ಇನ್ನೇನಾದ್ರೂ ಮಾಡ್ಲಿಕ್ಕುಂಟಾ?"

ಹೊರಗಿನ ಚರಂಡಿಯ ನೀರು ಯಾರ ಬಾವಿಯ ಕಡೆಗೆ ಹೋಗುತ್ತದೆ ಎಂದು ನೋಡಲು ನಾವಿಬ್ಬರೂ ಹಿಂಬದಿಗೆ ನಡೆದೆವು.