ಟಂಟಂ ಹೊಡಿಯಾಕಿ ನನ್ನ ಮೊಮ್ಮಗಳು

ನಾನು ಎರಡನೇ ಇಯತ್ತೆತನಕ ಸಾಲಿ ಕಲಿತಾಕಿ. ಅಕ್ಷರ ಸೊಟ್ಟ ಬೀಳ್ತಾವ, ಬೀಳಲಿ. ನನ್ನ ಮೊಮ್ಮಗಳು ಬನಹಟ್ಟಿಯೊಳಗ ಟಂಟಂ ಹೊಡಿತಾಳ ಅನ್ನೂದನ್ನ ನನ್ನ ಕೈಲೇ ಬರೀಬೇಕು ಅಂತ ಕುಂತೀನಿ.

ಆ ಮೂರು ಗಾಲಿ ಗಾಡಿ ನನ್ನ ಮಗ ನಮ್ಮ ಮಗ್ಗದ ಸೀರಿ ಗಂಟು ಸಾಗಸಾಕ ತಂದಿದ್ದ. ಅವನ ಮೊಣಕಾಲು ಕೈಕೊಟ್ಟ ಮ್ಯಾಲ ಅಂಗಳದಾಗ ಸುಮ್ನ ನಿಂತಿತ್ತು, ಬೆಕ್ಕು ಅದರಾಗ ಮರಿ ಹಾಕಿತ್ತು. ಮೊಮ್ಮಗಳು ಮರಿಗಳನ್ನ ಇಳಿಸಿ, ಲೈಸೆನ್ಸ್ ತಗೊಂಡು ತಾನ ಹೊಡಿಯಾಕ ಹತ್ತಿದಳು. ಮುಂಜಾನೆ ಸಾಲಿ ಹುಡುಗೂರು, ಮಧ್ಯಾಹ್ನ ರಬಕವಿಗೆ ಸೀರಿ ಗಂಟು, ಸಂಜಿಗೆ ಮತ್ತ ಹುಡುಗೂರು. ಆಕಿ ಓಣಿಗೆ ತಿರುಗಿದ್ರ ಹಾರ್ನಿಗಿಂತ ಮೊದಲ ಹುಡುಗೂರ ಗದ್ದಲ ಕೇಳತೈತಿ. ನಾನು ಕಟ್ಟಿ ಮ್ಯಾಲ ಕುಂತು ಹೋಗಾವರಿಗೆ ಬರಾವರಿಗೆ "ನಮ್ಮ ಹುಡುಗಿ ನೋಡ್ರಿ" ಅಂತೀನಿ. ಮಂದಿ ಬ್ಯಾಸತ್ತಾರ. ಬ್ಯಾಸರಲಿ.

ಮೊನ್ನೆ ಸಂಜಿಮುಂದ ಒಬ್ಬಾಕಿ ಸರ್ವೇ ಹುಡುಗಿ ಬಂದಳು, ಕೈಯಾಗ ಟ್ಯಾಬ್. ಅಂಗಡಿ, ದವಾಖಾನಿ, ಗಾಡಿ, ಪಾರ್ಲರ್ ಅಂತ ಖಾಸಗಿ ಕೆಲಸದಾಗ ರಾಜ್ಯದಾಗ ಎಷ್ಟು ಮಂದಿ ಅದಾರ, ಆ ಕೆಲಸ ಹೆಚ್ಚಾಗಾಕತ್ತಾವೋ ಕಮ್ಮಿ ಆಗಾಕತ್ತಾವೋ ಸರಕಾರಕ್ಕ ತಿಳೀಬೇಕಂತ. ಮಗನ್ನ ಕೇಳಿದಳು.

"ನಿಮ್ಮ ಮಗಳು ಏನ್ ಮಾಡ್ತಾರ್ರಿ ಕಾಕಾ?"

"ಏನೂ ಇಲ್ಲ ಯವ್ವಾ. ಮನ್ಯಾಗ ಇರ್ತಾಳ."

"ಹೋದ ವಾರ ಒಂದ ತಾಸರೆ ದುಡದಾರೇನ್ರಿ?"

"ಇಲ್ಲ."

ನಮ್ಮ ನೇಕಾರ ಮನಿಗಳ ರೂಢಿ ಇದು. ಮಗ್ಗ ಗಂಡಸಿನ ಹೆಸರಿಲೇ ಇರತೈತಿ. ಕಂಡಿಕಿಗೆ ನೂಲು ಸುತ್ತಾಕಿ, ಸೀರಿ ಮಡಚಾಕಿ ಹೆಂಗಸು. ಯಾರರೆ ಕೇಳಿದ್ರ ಆಕಿ "ಮನ್ಯಾಗ ಇರ್ತಾಳ". ಆದ್ರ ಮಗಗ ಬ್ಯಾರೆ ಅಂಜಿಕಿನೂ ಇತ್ತು. ಮುಧೋಳದವರು ಕನ್ಯಾ ನೋಡಾಕ ಬರಾವರಿದ್ರು, ಅವರಿಗೆ ಟಂಟಂ ಸುದ್ದಿ ಗೊತ್ತಿರಲಿಲ್ಲ. ಲಗ್ನ ಗಟ್ಟಿ ಆಗೂತನಕ ಬಾಯಿ ಮುಚ್ಚೂದು, ಆಮ್ಯಾಲ ಗಾಡಿ ಮಾರೂದು ಅಂತ ಅವನ ವಿಚಾರ. ಅದನ್ನ ಹೇಳಿದ ದಿನ ಮೊಮ್ಮಗಳು ತಾಟು ಬಿಟ್ಟು ಎದ್ದು ಹೋಗಿದ್ದಳು.

"ಯವ್ವಾ, ಅದನ್ನ ಅಳಸು" ಅಂದೆ ಸರ್ವೇ ಹುಡುಗಿಗೆ. "ನನ್ನ ಮೊಮ್ಮಗಳು ಡ್ರೈವರ್ ಅದಾಳ."

"ಬೇ, ನೀ ಸುಮ್ನ ಕೂಡು" ಅಂದ ಮಗ.

"ಸುಮ್ನ ಕುಂತ ಕಂಡಿಕಿ ಸುತ್ತಿ ಸುತ್ತಿ ಬೆರಳ ಸೊಟ್ಟ ಆಗ್ಯಾವ. ನಾ ಸುತ್ತಲಿಲ್ಲಂದ್ರ ನಿಮ್ಮಪ್ಪನ ಮಗ್ಗ ಗಾಳಿಗೆ ಓಡತಿತ್ತೇನಲೇ?"

"ಮುಧೋಳಕ್ಕ ಸುದ್ದಿ ಮುಟ್ಟತೈತಿ ಬೇ."

"ನಾವು ಯಾರ ಸುದ್ದಿನೂ ಹೊರಗ ಹೇಳಂಗಿಲ್ರಿ" ಅಂದಳು ಆ ಹುಡುಗಿ.

"ಯಾಕ ಹೇಳಂಗಿಲ್ಲ? ಮುಧೋಳದಾಗ ಡಂಗುರ ಹೊಡಿಸು" ಅಂದೆ.

ಅಷ್ಟರಾಗ ಗದ್ದಲ ಕೇಳಿಸ್ತು. ಮೊಮ್ಮಗಳು ಹುಡುಗೂರಿಗೆ ನೀರು ಕುಡಿಸಾಕಂತ ಬಾಗಿಲಿಗೆ ಗಾಡಿ ನಿಲ್ಲಿಸಿದಳು. ಸರ್ವೇ ಹುಡುಗಿ ಆಕಿನ್ನ ಕೇಳಿದ್ರ ಆಕಿ ಅವರಪ್ಪನ ಮಾರಿ ನೋಡಿದಳು.

"ಏನ್ ಬರಸಲಿ ಅಪ್ಪಾ?"

ಸರ್ವೇ ಹುಡುಗಿ ಟ್ಯಾಬ್ ಮ್ಯಾಲಿಂದ ಕಣ್ಣೆತ್ತಲಾರದ ಸಣ್ಣಗ ಅಂದಳು: "ಕಾಕಾ, ನಮ್ಮ ಮನಿಗೂ ನನ್ನ ಜೋಡಿ ಕೆಲಸ ಮಾಡಾವರ ಒಬ್ಬರು ಸರ್ವೇಕ್ಕ ಬಂದಿದ್ರು. ನಮ್ಮಪ್ಪ ನಾನೂ ಮನ್ಯಾಗ ಇರ್ತೀನಿ ಅಂತ ಬರಸ್ಯಾನ. ನಾ ಆವಾಗ ಬಿಸಲಾಗ ಬ್ಯಾರೆಯವರ ಬಾಗಿಲಾ ಬಡೀತಿದ್ನಿರಿ."

ನನಗ ನಗು ತಡಿಲಿಲ್ಲ. ಮಗ ನಗಲಿಲ್ಲ. ಗಾಡಿಯೊಳಗಿಂದ ಒಂದು ಪೋರಿ "ಅಕ್ಕಾ, ಲಗೂ ನಡಿ, ಹಸಿವ್ಯಾಗೇತಿ" ಅಂತ ಒದರಿತು. ಅವ ಆ ಪೋರಿನ್ನ ನೋಡಿದ, ಮಗಳನ್ನ ನೋಡಿದ.

"ಡ್ರೈವರ್ ಅಂತ ಬರಕೋವಾ" ಅಂದ.

"ಆಯಿ, ನಿಮ್ದು?" ಅಂತ ಸರ್ವೇ ಹುಡುಗಿ ನನ್ನ ಕಡೆ ತಿರುಗಿದಳು. ಈ ಮಾತು ಇಲ್ಲೀತನಕ ನನ್ನನ್ನ ಯಾರೂ ಕೇಳಿರಲಿಲ್ಲ. "ಈಗೂ ಕಂಡಿಕಿ ಸುತ್ತತೀನಿ, ಬರಕೋ" ಅಂದೆ. ಮೊಮ್ಮಗಳು ಹುಡುಗೂರನ್ನ ಒತ್ತರಿಸಿ ಆಕಿನ್ನೂ ಗಾಡ್ಯಾಗ ಕೂಡಿಸ್ಕೊಂಡು ಮುಂದಿನ ಓಣಿಗೆ ಬಿಟ್ಟಳು.

ಅವತ್ತ ಮಗ ತಾನ ಮುಧೋಳಕ್ಕ ಫೋನ್ ಹಚ್ಚಿದ. "ಹುಡುಗಿ ಟಂಟಂ ಹೊಡಿತಾಳ್ರಿ. ಲಗ್ನ ಆದ ಮ್ಯಾಲೂ ಹೊಡಿತಾಳ. ನಡೀತಿದ್ರ ಬರ್ರಿ." ಮನ್ಯಾಗ ಕೇಳಿ ಹೇಳ್ತೀವಿ ಅಂದ್ರಂತ. ಇನ್ನೂ ಹೇಳಿಲ್ಲ.

ಅವರು ಬಂದ್ರ ಬಸ್ ಸ್ಟ್ಯಾಂಡಿನಿಂದ ಮೊಮ್ಮಗಳ ಗಾಡ್ಯಾಗ ಕರಕೊಂಡು ಬರ್ತೀವಿ. ಬರಲಿಲ್ಲಂದ್ರ ಆ ಗಾಡ್ಯಾಗ ನಾ ಕುಂತು ಜಮಖಂಡಿ ತನಕ ಹೋಗಿ ಬರ್ತೀನಿ, ಡ್ರೈವರ್ ಬಾಜೂಕ.