ಎಡತೊಡೆಯ ಅಳತೆ

ನನ್ನ ಅಳತೆ ಪುಸ್ತಕದಲ್ಲಿ ಇರುವವರೆಲ್ಲ ಹೆಂಗಸರೇ. ಎದೆ, ತೋಳು, ಬೆನ್ನು, ಪಕ್ಕದಲ್ಲಿ ‘ಕುತ್ತಿಗೆ ಜಾಸ್ತಿ ಇಳಿಸಬಾರದಂತೆ’ ಅನ್ನುವಂಥ ಟಿಪ್ಪಣಿಗಳು. ನಡುವೆ ಒಂದೇ ಒಂದು ಪುಟ ಗಂಡಸಿನದು. ಅದರಲ್ಲಿ ಸೊಂಟ ಮೂವತ್ತನಾಲ್ಕು, ತೊಡೆ ಇಪ್ಪತ್ತೆಂಟು ಅಂತ ಬರೆದು, ಇಪ್ಪತ್ತೆಂಟರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಟೇಪು ಜಾರಿತೇನೋ ಎಂದು ಎರಡು ಸಲ ಅಳೆದದ್ದರ ಗುರುತು ಅದು.

ನಾನು ಕೆಲಸ ಕಲಿತದ್ದು ದಾವಣಗೆರೆಯಲ್ಲಿ, ಸೋದರತ್ತೆಯ ಹೊಲಿಗೆ ಅಂಗಡಿಯಲ್ಲಿ. ನಮ್ಮ ಯಜಮಾನರಿಗೆ ಅಮೆರಿಕದ ರೆಂಟನ್ನಿನ ವಿಮಾನ ಕಾರ್ಖಾನೆಯಲ್ಲಿ ಕೆಲಸವಾಗಿ ಇಲ್ಲಿಗೆ ಬಂದಮೇಲೆ ಕೆಲವು ವರ್ಷ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದೆ. ಆಮೇಲೆ ಹತ್ತಿರದ ಒಂದು ಲಾಂಡ್ರಿಯಲ್ಲಿ ಕಿಟಕಿಯ ಪಕ್ಕ ಮೆಷಿನ್ ಹಾಕಿಕೊಂಡು ಕೂತೆ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ಪು ಬದಲಾಯಿಸುವುದು, ಬರೀ ಇಂಥವೇ. ಗಂಡಸರ ಪ್ಯಾಂಟನ್ನು ಬುಡದಿಂದ ಕತ್ತರಿಸಿ ಹೊಲಿಯುವ ಕೆಲಸ ಯಾರೂ ಕೊಟ್ಟಿರಲಿಲ್ಲ.

2012ರ ಸುಮಾರಿಗೆ ಒಂದು ಬೇಸಿಗೆಯಲ್ಲಿ ಆ ಹುಡುಗ ಬಾಗಿಲು ತುಂಬಿಕೊಂಡು ಒಳಗೆ ಬಂದ. ಇಪ್ಪತ್ತೆರಡು ವರ್ಷವಿರಬೇಕು. ಇಲ್ಲೇ ರೆಂಟನ್ನಿನಲ್ಲಿ ಅಭ್ಯಾಸ ಮಾಡುವ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹೊಸದಾಗಿ ಸೇರಿದ್ದನಂತೆ. ಬೇರೆ ಊರಿಗೆ ಆಡಲು ಹೋಗುವಾಗ ಎಲ್ಲರೂ ಸೂಟು ಹಾಕಬೇಕು. ರೆಡಿಮೇಡ್ ಪ್ಯಾಂಟು ತೊಡೆಗೆ ಹಿಡಿಸಿದರೆ ಸೊಂಟದಲ್ಲಿ ಇನ್ನೊಬ್ಬ ಮನುಷ್ಯ ಕೂರಬಹುದು. ಅಂಗಡಿ ಅಂಗಡಿ ಸುತ್ತಿ ಸಾಕಾಗಿ ಬಂದಿದ್ದ.

ನಾನು ನನ್ನ ಅಭ್ಯಾಸದಂತೆ ಕೇಳಿದೆ, “ಸರಿಯಾಗಿ ಕೂರೋ ಹಳೇದೊಂದು ಪ್ಯಾಂಟ್ ಇದ್ರೆ ಕೊಡಿ, ಅದರ ಅಳತೆಗೇ ಹೊಲೀತೀನಿ.” ನಮ್ಮ ಹೆಂಗಸರು ಟೇಪಿನ ಮುಂದೆ ನಿಲ್ಲುವುದು ಕಡಿಮೆ, ಅಳತೆ ಬ್ಲೌಸು ತಂದು ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಅವನು, “ಅಂಥದ್ದು ಒಂದಿದ್ದಿದ್ರೆ ನಾನು ಇಲ್ಲಿಗೆ ಬರ್ತಾನೇ ಇರಲಿಲ್ಲ ಮ್ಯಾಮ್” ಅಂದ. ಸರಿ, ಮುಖ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿಸಿಕೊಂಡು ಅವನ ತೊಡೆ ಅಳೆದೆ. ಅವನು ನಗು ತಡೆದುಕೊಂಡು ಕಂಬದ ಹಾಗೆ ನಿಂತಿದ್ದ.

ಆ ಪ್ಯಾಂಟು ಅವನಿಗೆ ಎಷ್ಟು ಚೆನ್ನಾಗಿ ಕೂತಿತೆಂದರೆ ನನಗೆ ಒಂದು ವಾರ ಧಿಮಾಕು ಇಳಿಯಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಆಟ ನೋಡುವುದು ಶುರುವಾಯಿತು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗುವುದು ಅವನ ಕೆಲಸ. ಅದಕ್ಕೆ ರನ್ನಿಂಗ್ ಬ್ಯಾಕ್ ಅನ್ನುತ್ತಾರೆ ಎಂದು ಯಜಮಾನರು ಹೇಳಿಕೊಟ್ಟರು. ನುಗ್ಗಿದವನ ಮೇಲೆ ನಾಲ್ಕೈದು ಜನ ದಬದಬ ಬೀಳುತ್ತಾರೆ. ಮೊದಲ ದಿನವೇ ನನಗೆ ಜೀವ ಬಾಯಿಗೆ ಬಂತು.

“ರೀ, ಅವನಿಗೆ ಪೆಟ್ಟಾಯ್ತೇನ್ರೀ?”

“ಎದ್ನಲ್ಲ, ಬಿಡೆ. ಬೀಳಿಸಿಕೊಳ್ಳೋದೇ ಅವನ ಕೆಲಸ.”

“ಅದೆಂಥ ಕೆಲಸಾರೀ?”

“ಇನ್ನು ಮೂರ್ನಾಲ್ಕು ವರ್ಷ ಅಷ್ಟೇ. ಈ ಜಾಗದಲ್ಲಿ ಆಡೋರು ಜಾಸ್ತಿ ದಿನ ಇರಲ್ಲ” ಎಂದು ಅವರು ಚಟ್ನಿಪುಡಿಗೆ ಎಣ್ಣೆ ಹಾಕಿಕೊಂಡರು. ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಪ್ರತಿ ವರ್ಷ ಬೇಸಿಗೆಯಲ್ಲಿ ಅವನು ಬರುತ್ತಿದ್ದ. ಎರಡನೆಯ ವರ್ಷದಿಂದ ಅವನಿಗೂ ನಮ್ಮ ಪದ್ಧತಿ ರೂಢಿಯಾಯಿತು. ನಾನು ಹೊಲಿದ ಹಳೆಯ ಪ್ಯಾಂಟನ್ನೇ ಅಳತೆಗೆಂದು ತರುತ್ತಿದ್ದ. ನಾನು ಅದನ್ನು ಹಾಸಿ ಚಾಕ್‌ನಲ್ಲಿ ಗೆರೆ ಎಳೆಯುತ್ತಿದ್ದರೆ ಅವನು ಸ್ಟೂಲಿನ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದ. ಆ ಸ್ಟೂಲಿನ ಬಗ್ಗೆ ನನಗೆ ಒಳಗೊಳಗೇ ಭಯ. ಮನೆಯಲ್ಲಿ ಇಬ್ಬರೇ ಇದ್ದು ಚಕ್ಕುಲಿ ಡಬ್ಬಿ ಯಾಕೆ ಇಷ್ಟು ಬೇಗ ಖಾಲಿಯಾಗುತ್ತದೆ ಎಂದು ಯಜಮಾನರು ಕೇಳಿದರೆ ನಾನು ಕೇಳಿಸದವಳಂತೆ ಇರುತ್ತಿದ್ದೆ. ಆ ಹುಡುಗನ ಮೇಲೆ ನನಗೆ ಮಮತೆ ಬೆಳೆದಿತ್ತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ನಾಲ್ಕನೆಯ ವರ್ಷದ ಚಳಿಗಾಲದಲ್ಲಿ ಅವನ ಎಡಮಂಡಿ ತಿರುಚಿಕೊಂಡಿತು. ಟಿವಿಯಲ್ಲಿ ಅವನು ಏಳಲಿಲ್ಲ. ಎದ್ನಲ್ಲ ಬಿಡೆ ಅನ್ನುವ ಯಜಮಾನರು ಅವತ್ತು ತಟ್ಟೆ ಬದಿಗೆ ಸರಿಸಿದರು. ಆಪರೇಷನ್ ಆಯಿತೆಂದು ಆಮೇಲೆ ಗೊತ್ತಾಯಿತು.

ಜುಲೈನಲ್ಲಿ ಬಂದಾಗ ಅವನ ತಾಯಿಯೂ ಜೊತೆಗಿದ್ದರು. ಅಮೆರಿಕದ ದಕ್ಷಿಣದ ಯಾವುದೋ ಊರಿನವರು, ಗಟ್ಟಿಮುಟ್ಟಾದ ಹೆಂಗಸು. ಹಿಂದೆಲ್ಲ ಕರ್ಟನ್ ಹೊಲಿದು ಮಕ್ಕಳನ್ನು ಸಾಕಿದವರಂತೆ. ನನ್ನ ಮೆಷಿನ್ನನ್ನು ಮುಟ್ಟಿ ನೋಡಿದ ರೀತಿಯಲ್ಲೇ ಅದು ತಿಳಿಯುತ್ತಿತ್ತು. ಮುಂದಿನ ವಾರ ತಂಡದ ದೊಡ್ಡ ಊಟ, ಕೋಚುಗಳೆಲ್ಲ ಬರುತ್ತಾರೆ, ಹೊಸ ಪ್ಯಾಂಟು ಬೇಕು ಅಂದ. “ಕಾಲು ಹೇಗಿದೆ?” ಅಂದೆ. “ಮೊದಲಿನ ಹಾಗೇ ಇದೆ ಮ್ಯಾಮ್. ಈ ವರ್ಷ ನನ್ನನ್ನ ತಂಡದಲ್ಲಿ ಉಳಿಸಿಕೊಳ್ತಾರೆ, ನೋಡ್ತಾ ಇರಿ” ಎಂದು ಹಳೆಯ ಪ್ಯಾಂಟನ್ನು ಮೇಜಿನ ಮೇಲೆ ಇಟ್ಟ. ಅವನ ಕೆಲಸ, ಅವನ ಇಡೀ ಲೆಕ್ಕಾಚಾರ, ಆ ಒಂದು ಕಾಲಿನ ಮೇಲೆ ನಿಂತಿತ್ತು. ನಾನು ಟೇಪು ಮುಟ್ಟಲೇ ಇಲ್ಲ. ಈ ಮೈಯ ಅಳತೆ ನನಗೆ ಬಾಯಿಪಾಠ ಅನ್ನುವ ಜಂಬ ಬೇರೆ.

ಟ್ರಯಲ್‌ಗೆಂದು ಹಾಕಿಕೊಂಡು ಪರದೆಯ ಹಿಂದಿನಿಂದ ಅವನು ಹೊರಗೆ ಬಂದ. ಬಲಗಾಲು ಅಚ್ಚು ಹಾಕಿದ ಹಾಗೆ ಕೂತಿತ್ತು. ಎಡಗಾಲಿನ ಬಟ್ಟೆ ತೊಡೆಯ ಹತ್ತಿರ ಸಡಿಲವಾಗಿ ಜೋಲುತ್ತಿತ್ತು.

ಕನ್ನಡಿಯಲ್ಲಿ ಮೂವರೂ ನೋಡಿದೆವು. ಅವನ ತಾಯಿ ಬಗ್ಗಿ ಆ ಸಡಿಲ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದರು. ಪೂರಾ ಎರಡು ಇಂಚು. ಹಿಡಿದ ಬಟ್ಟೆಯನ್ನು ಅವರು ಬಿಡಲಿಲ್ಲ. ಟೇಪು ಹಿಡಿದಿದ್ದರೆ ನನಗೊಬ್ಬಳಿಗೆ ತಿಳಿಯುತ್ತಿತ್ತು. ಈಗ ನನ್ನ ಸೋಮಾರಿತನ ಅದನ್ನು ತಾಯಿಯ ಕಣ್ಣೆದುರಿಗೆ ನಿಲ್ಲಿಸಿತ್ತು.

“ನನ್ನ ಕತ್ತರಿ ತಪ್ಪಿದೆ, ಸರಿ ಮಾಡಿ ಕೊಡ್ತೀನಿ” ಅಂದೆ. ಹೌದಿರಬೇಕು ಅಂದ ಅವನು, ಕನ್ನಡಿಯಿಂದ ಕಣ್ಣು ತೆಗೆಯದೆ.

ಮರುದಿನ ಬೆಳಿಗ್ಗೆ ಅವನ ತಾಯಿಯೊಬ್ಬರೇ ಬಂದರು. “ನಿಮ್ಮ ಕತ್ತರಿ ತಪ್ಪಿಲ್ಲ, ನನಗೆ ಗೊತ್ತು. ಕಾಲು ಸಣ್ಣಗಾದದ್ದು ನೋಡಿದವರಿಗೆ ಕಾಣದ ಹಾಗೆ ಏನಾದ್ರೂ ಮಾಡೋಕಾಗುತ್ತಾ?” ಎಂದು ಕೇಳಿದರು. ಇಬ್ಬರೂ ಪಕ್ಕಪಕ್ಕ ಕೂತು, ಬಟ್ಟೆ ಜೋಲದ ಹಾಗೆ ಎಡಗಾಲಿಗೆ ಒಳಗಿನಿಂದ ಎರಡು ಪದರ ಲೈನಿಂಗ್ ಕೊಟ್ಟೆವು. ನಾನು ಮೆಷಿನ್ ತುಳಿದೆ, ಅವರು ಕೈಹೊಲಿಗೆ ಹಾಕಿದರು. ಎಷ್ಟು ಸಣ್ಣ ಹೊಲಿಗೆ! ನನ್ನ ಸೋದರತ್ತೆ ನೋಡಿದ್ದರೆ ಅವರನ್ನು ಅಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು. ಊಟದ ದಿನ ಅವನು ಎರಡೂ ಕಾಲು ಸಮನಾಗಿರುವವನಂತೆ ನಡೆದುಕೊಂಡು ಹೋದ.

ಆದರೆ ತಂಡದ ಡಾಕ್ಟರ ಹತ್ತಿರವೂ ಟೇಪು ಇತ್ತು. ಅವರು ಪ್ಯಾಂಟಿನ ಮೇಲೆ ಅಳೆಯುವವರಲ್ಲ. ಆಗಸ್ಟ್ ಮುಗಿಯುವಷ್ಟರಲ್ಲಿ ಅವನನ್ನು ಕೈಬಿಟ್ಟರು. ಬೇರೆ ಊರಿನ ತಂಡವೊಂದು ಕೆಲವು ವಾರ ಇಟ್ಟುಕೊಂಡಿತು. ಒಂದು ಭಾನುವಾರ ಅವನು ಟೋಪಿ ಹಾಕಿಕೊಂಡು ಮೈದಾನದ ಅಂಚಿನಲ್ಲಿ ನಿಂತಿದ್ದುದು ಟಿವಿಯಲ್ಲಿ ಕಂಡಿತು. ಆಮೇಲೆ ಅದೂ ಇಲ್ಲ. ಯಜಮಾನರು ಹೇಳಿದ ಲೆಕ್ಕವೇ ಸರಿಯಾಯಿತು. ಅವರು ಅದನ್ನು ಬಾಯಿಬಿಟ್ಟು ಹೇಳದಿದ್ದುದಕ್ಕೆ ಅವತ್ತು ಹೋಳಿಗೆ ಮಾಡಿ ಹಾಕಿದೆ.

ಮೂರು ವರ್ಷದ ಮೇಲೆ ಅವನು ಮತ್ತೆ ಬಂದ. ಡುವಾಲ್ ಅನ್ನುವ ಊರಿನಲ್ಲಿ ಮನೆ ಮಾಡಿದ್ದಾನಂತೆ, ಹತ್ತಿರದ ಶಾಲೆಯೊಂದರಲ್ಲಿ ಮಕ್ಕಳಿಗೆ ಓಟ ಕಲಿಸುತ್ತಾನಂತೆ, ಮದುವೆ ಗೊತ್ತಾಗಿದೆಯಂತೆ. ಕೈಯಲ್ಲಿ ಅಳತೆಗೆಂದು ಹಳೆಯ ಪ್ಯಾಂಟಿತ್ತು. “ಅದನ್ನ ಅತ್ಲಾಗಿಡು” ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಅವನಿಗೆ ಅರ್ಥವಾಯಿತು.

ಈ ಸಲ ಕ್ಯಾಲೆಂಡರ್ ನೋಡಲಿಲ್ಲ. ಎಡತೊಡೆ ಇಪ್ಪತ್ತೈದು. ಆಮೇಲೆ ಬಲಗಡೆಗೆ ಟೇಪು ಸುತ್ತಿದೆ. ಇಪ್ಪತ್ತೈದು. ಇನ್ನೊಮ್ಮೆ ಅಳೆದೆ. ಅಷ್ಟೇ.

“ಕೊನೆಗೂ ಎರಡೂ ರಾಜಿಯಾಗಿವೆ ಮ್ಯಾಮ್” ಎಂದು ಅವನು ನಕ್ಕ. ನನಗೆ ಅಳು ತಡೆಯಲಾಗಲಿಲ್ಲ. ಗಾಬರಿಯಾಗಿ ಅವನು ತಾಯಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟ.

“ಎರಡು ತೊಡೇನೂ ಈಗ ಒಂದೇ ಅಳತೆ” ಎಂದು ಹೇಳಿದೆ.

ಅವರು ಹೊಲಿಗೆ ಗೊತ್ತಿರುವ ಹೆಂಗಸು. ತಕ್ಷಣ ಕೇಳಿದರು, “ಯಾವುದು ಯಾವುದರ ಅಳತೆಗೆ ಬಂತು?”

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಬಲಗಾಲು ಎಡಗಾಲಿನ ಅಳತೆಗೆ ಇಳಿದಿದೆ” ಅಂದೆ.

ಆ ಕಡೆಯಿಂದ ಉದ್ದನೆಯ ಉಸಿರು ಕೇಳಿಸಿತು. “ಸದ್ಯ. ಹಾಗಾದ್ರೆ ಇನ್ನು ನನ್ನ ಮಗನ ಮೇಲೆ ಯಾರೂ ಬೀಳೋದಿಲ್ಲ” ಅಂದರು.

ನಾನು ಕಣ್ಣೊರೆಸಿಕೊಂಡು, ಅವನ ಪುಟ ತೆಗೆದು, ಎರಡೂ ಕಾಲಿಗೆ ಸೇರಿಸಿ ಒಂದೇ ಸಲ ಇಪ್ಪತ್ತೈದು ಅಂತ ಬರೆದುಕೊಂಡೆ.