ಖುರ್ಷಿದಾ ನಂಬಿದ ಅಳತೆ

ರಾಮನಗರದಲ್ಲಿ ನಲವತ್ತು ವರ್ಷದಿಂದ ಗೂಡು ಬಿಚ್ಚಿ ರೇಷ್ಮೆ ನೂಲು ತೆಗೆಯುವ ಖುರ್ಷಿದಾ, ಹಲ್ಲಿನ ಡಾಕ್ಟರ ಕುರ್ಚಿಯಿಂದ ಎರಡು ಸಲ ಎದ್ದು ಓಡಿದ್ದಳು. ಉದುರಿದ ಮೇಲ್ಸಾಲಿನ ಮುಂದಿನ ಹಲ್ಲಿಗೆ ಬದಲಿ ಕಟ್ಟಿಸಬೇಕಿತ್ತು. ಅಚ್ಚು ತೆಗೆಯಲೆಂದು ಬಾಯಿತುಂಬ ಮೆತ್ತನೆ ಹಿಟ್ಟು ತುಂಬಿದರೆ ಸಾಕು, ಓಕರಿಕೆ. ಆ ಅಚ್ಚು ಅವಳಿಗೆ ಮೆಚ್ಚಾಗಲೇ ಇಲ್ಲ.

ಮೂರನೇ ಸಲ ಸೊಸೆ ಮುಬಶ್ಶಿರಾ ಬೇರೆ ಕ್ಲಿನಿಕ್ಕಿಗೆ ಕರೆತಂದಳು. ಡಾಕ್ಟರ್ ಸೌಮ್ಯ ಪೆನ್ನಿನಂಥ ಕ್ಯಾಮೆರಾವನ್ನು ಬಾಯೊಳಗೆ ಆಡಿಸಿ, ಸ್ವಲ್ಪ ಹೊತ್ತಿಗೆಲ್ಲ "ಅಳತೆ ಆಯ್ತಮ್ಮಾ" ಎಂದರು.

ಓಕರಿಕೆಯೇನೋ ಬರಲಿಲ್ಲ. ಆದರೆ ನೂಲಿನ ದಪ್ಪವನ್ನು ಬೆರಳಲ್ಲೇ ಹೇಳುವ ಖುರ್ಷಿದಾಗೆ, ಮುಟ್ಟದೆ ತೆಗೆದ ಅಳತೆಯ ಮೇಲೆ ನಂಬಿಕೆಯೂ ಬರಲಿಲ್ಲ.

"ಹಿಟ್ಟೇ ಹಾಕಿ ಮೇಡಂ, ಒಸಿ ತಡ್ಕೋತೀನಿ."

"ನೀವು ತಡ್ಕೋತೀರಿ ಅಮ್ಮೀ, ಹೋದ್ಸಲ ನೀವು ಕಕ್ಕಿದ್ದನ್ನ ನನ್ನ ಬುರ್ಖಾ ತಡ್ಕೊಂಡಿದ್ದು ಸಾಕು!" ಎಂದಳು ಸೊಸೆ.

ಸೌಮ್ಯ ನಗುತ್ತಾ ಪರದೆಯನ್ನು ಇತ್ತ ತಿರುಗಿಸಿದರು. ಹಲ್ಲಿನ ಸಾಲು ಅಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಕೆಳಗಿನ ಹಲ್ಲೊಂದರ ಅಂಚಿನಲ್ಲಿ ಸಣ್ಣ ಕಚ್ಚು. ಖುರ್ಷಿದಾ ಬಗ್ಗಿ ನೋಡಿದಳು.

"ಅರೆ, ಇದು ನಂದೇ ಬಾಯಿ! ನೂಲು ಕಡಿದೂ ಕಡಿದೂ ಬಿದ್ದಿರೋ ಕಚ್ಚು."

"ಅದನ್ನೂ ತುಂಬಿ ಸರಿ ಮಾಡ್ಲಾ?"

"ಬ್ಯಾಡಿ ಮೇಡಂ, ಮುಚ್ಬುಟ್ರೆ ನೂಲು ಎಲ್ಲಿ ಕೂರ್ತದೆ? ಇದೇ ಅಳತೇಲಿ, ಆ ಕಚ್ಚಿಗೆ ಕೂರೋ ಹಂಗೆ ಮೇಲಿನ ಹಲ್ಲು ಮಾಡ್ಕೊಡಿ."